ಮನೆಗೆ ನೆಟ್‌ವರ್ಕ್ ಸ್ವಿಚ್ ಆರಿಸುವುದು: ತಂತಿಯಿಂದ ಶುರುಮಾಡಿ, ಅಂಗಡಿಗೆ ಕೊನೆಯಲ್ಲಿ ಹೋಗಿ

ರೌಟರ್ ಪಕ್ಕದಲ್ಲಿ 300 ಎಂಬಿಪಿಎಸ್ ಇಂಟರ್ನೆಟ್ ವೇಗ ಬರುತ್ತದೆ, ಮಹಡಿಯ ಕೋಣೆಯಲ್ಲಿ 94ಕ್ಕೆ ನಿಂತುಬಿಡುತ್ತದೆ, ಸ್ವಿಚ್ ಬದಲಿಸಿದರೂ ಅಷ್ಟೇ. ಹೊಸ ಮನೆ ಕಟ್ಟುವಾಗ ಗೋಡೆಯೊಳಗೆ ಲ್ಯಾನ್ ಕೇಬಲ್ ಎಳೆಸಿಕೊಂಡವರು ನನ್ನ ಮುಂದೆ ಇಡುವ ದೂರು ಹೆಚ್ಚುಕಡಿಮೆ ಇದೇ. ರೌಟರಿನಿಂದ ಬರುವ ಒಂದು ತಂತಿಯ ಸಂಪರ್ಕವನ್ನು ಹಲವು ಕೋಣೆಗಳ ತಂತಿಗಳಿಗೆ ಹಂಚುವ ಪೆಟ್ಟಿಗೆಯೇ ಈ ಸ್ವಿಚ್. ಇನ್ನು ಕೆಲವರದು ಎರಡು ವರ್ಷದಲ್ಲಿ ಮೂರು ಸ್ವಿಚ್ ಸುಟ್ಟುಹೋದ ಕಥೆ. ಇವರೆಲ್ಲ ಮಾಡಿದ ತಪ್ಪು ಒಂದೇ: ಸ್ವಿಚ್ಚನ್ನು ಮೊದಲು ಕೊಂಡರು, ತಂತಿ, ವಿದ್ಯುತ್ತು ಮತ್ತು ಜಾಗದ ವಿಚಾರವನ್ನು ಆಮೇಲೆ ನೋಡಿದರು. ಆ ಕ್ರಮವನ್ನು ತಿರುಗಿಸಬೇಕು. ಅದಕ್ಕಾಗಿಯೇ ಕೊಳ್ಳುವ ಮಾತು ಇಲ್ಲಿ ಆರನೆಯ ಹಂತದಲ್ಲಿ ಬರುತ್ತದೆ. ಮೊದಲ ಐದು ಹಂತಗಳನ್ನು ಬಿಟ್ಟು ಅಲ್ಲಿಗೆ ಹಾರಬೇಡಿ.

ಕೈಯಲ್ಲಿ ಇರಬೇಕಾದವು

ಎರಡು ಭಾಗಗಳಿರುವ ಎಂಟು ದೀಪದ ಲ್ಯಾನ್ ಟೆಸ್ಟರ್, ತಂತಿಯ ತುದಿಗೆ ಪ್ಲಗ್ ಒತ್ತಿ ಕೂರಿಸುವ ಕ್ರಿಂಪಿಂಗ್ ಟೂಲ್, ಆ ಪ್ಲಗ್ಗುಗಳಾದ ಹತ್ತಿಪ್ಪತ್ತು ಆರ್‌ಜೆ45 ಕನೆಕ್ಟರ್‌ಗಳು, ಗೋಡೆಯ ಸಾಕೆಟ್ಟಿಗೆ ತಂತಿ ಒತ್ತುವ ಪಂಚ್ ಡೌನ್ ಟೂಲ್, ಕಾರ್ಖಾನೆಯಲ್ಲೇ ತಯಾರಾದ ಎರಡು ಚಿಕ್ಕ ಪ್ಯಾಚ್ ಕೇಬಲ್ (ಎರಡೂ ತುದಿಗೆ ಪ್ಲಗ್ ಇರುವ ತುಂಡು ತಂತಿ), ಅಂಟುಪಟ್ಟಿ, ಮಾರ್ಕರ್ ಪೆನ್ನು. ಲ್ಯಾನ್ ಪೋರ್ಟ್ ಇರುವ ಎರಡು ಲ್ಯಾಪ್‌ಟಾಪ್ ಸಿಕ್ಕರೆ ಕೊನೆಯ ಪರೀಕ್ಷೆ ಸುಲಭವಾಗುತ್ತದೆ. ಒಂದನ್ನು ನೆರೆಮನೆಯಿಂದ ಅರ್ಧ ದಿನಕ್ಕೆ ಕೇಳಿ ತಂದರೂ ಆಯಿತು.

ಹಂತ 1: ತಂತಿಗಳೆಲ್ಲ ಬಂದು ಸೇರುವ ಜಾಗವನ್ನು ಹುಡುಕಿ

ಪ್ರತಿ ಕೋಣೆಯಿಂದ ಒಂದು ಪ್ರತ್ಯೇಕ ಕೇಬಲ್ ಹೊರಟು, ಎಲ್ಲವೂ ಒಂದೇ ಜಾಗಕ್ಕೆ ಬಂದಿರಬೇಕು. ಸ್ವಿಚ್ ಕೂರುವುದು ಅಲ್ಲೇ. ಟಿವಿ ಘಟಕದ ಹಿಂದೆ, ಮೆಟ್ಟಿಲ ಕೆಳಗೆ, ಅಟ್ಟದ ಮೇಲೆ, ಎಂಸಿಬಿ ಪೆಟ್ಟಿಗೆಯ ಪಕ್ಕದಲ್ಲಿ ಹುಡುಕಿ ನೋಡಿ.

ಟೆಲಿಫೋನ್ ವೈರಿಂಗ್ ಮಾಡಿ ಪಳಗಿದ ಕೆಲವು ಎಲೆಕ್ಟ್ರಿಷಿಯನ್ನರು ಒಂದೇ ತಂತಿಯನ್ನು ಕೋಣೆಯಿಂದ ಕೋಣೆಗೆ ಸರಪಳಿಯಂತೆ ಎಳೆದಿರುತ್ತಾರೆ. ಟೆಲಿಫೋನಿಗೆ ಅದು ನಡೆಯುತ್ತದೆ, ಲ್ಯಾನ್‌ಗೆ ನಡೆಯುವುದಿಲ್ಲ. ಹಾಗಾಗಿದ್ದರೆ ಪ್ರತಿ ಕೋಣೆಯಲ್ಲೂ ಒಂದೊಂದು ಪುಟ್ಟ ಸ್ವಿಚ್ ಇಡಬೇಕಾಗುತ್ತದೆ, ಇಲ್ಲವೇ ಹೊಸ ತಂತಿ ಎಳೆಸಬೇಕು. ಅಪಾರ್ಟ್‌ಮೆಂಟ್‌ಗಳಲ್ಲಿ ಇನ್ನೊಂದು ಸಂಗತಿ ಕಾಣುತ್ತದೆ: ಗೋಡೆಯೊಳಗೆ ಕ್ಯಾಟ್5ಇ ಅಥವಾ ಕ್ಯಾಟ್6 ದರ್ಜೆಯ ಒಳ್ಳೆಯ ಲ್ಯಾನ್ ತಂತಿಯೇ ಇದ್ದರೂ ಅದರ ತುದಿಗೆ ಸಣ್ಣ ಫೋನ್ ಸಾಕೆಟ್ ಕೂಡಿಸಿರುತ್ತಾರೆ. ಸಾಕೆಟ್ಟಿನ ಮುಚ್ಚಳ ಬಿಚ್ಚಿ, ತಂತಿಯ ಹೊದಿಕೆಯ ಮೇಲಿನ ಬರಹ ಓದಿ. ಎಂಟು ಎಳೆಗಳಿದ್ದರೆ ಸಾಕೆಟ್ ಬದಲಿಸಿದರೆ ಸಾಕು.

ಒಂದು ಹಾಳೆಯಲ್ಲಿ ನಕ್ಷೆ ಬರೆಯಿರಿ. ಪ್ರತಿ ತಂತಿಯ ಎರಡೂ ತುದಿಗೆ ಒಂದೇ ಸಂಖ್ಯೆ ಅಂಟಿಸಿ. ಈ ಕೆಲಸವನ್ನು ನಾಳೆಗೆ ಬಿಟ್ಟವರೇ ಮುಂದೆ ಒಂದು ತಂತಿಯ ಎರಡೂ ತುದಿಗಳನ್ನು ಒಂದೇ ಸ್ವಿಚ್ಚಿಗೆ ಚುಚ್ಚಿ ಇಡೀ ಮನೆಯ ಜಾಲವನ್ನು ನಿಲ್ಲಿಸುವುದು.

ಹಂತ 2: ಒಂದೊಂದು ತಂತಿಯನ್ನೂ ಪರೀಕ್ಷಿಸಿ

ಇಡೀ ಕೆಲಸದಲ್ಲಿ ಹೆಚ್ಚು ಸಮಯ ಕೊಡಬೇಕಾದ ಹಂತ ಇದು. ಆ 94ರ ಗುಟ್ಟು ಇರುವುದೂ ಇಲ್ಲೇ. 100 ಎಂಬಿಪಿಎಸ್ ಸಂಪರ್ಕಕ್ಕೆ ಕೇಬಲ್ಲಿನ ನಾಲ್ಕು ಜೋಡಿಗಳಲ್ಲಿ ಎರಡು ಸಾಕು. ಗಿಗಾಬಿಟ್‌ಗೆ (1000 ಎಂಬಿಪಿಎಸ್) ನಾಲ್ಕೂ ಜೋಡಿ, ಅಂದರೆ ಎಂಟೂ ಎಳೆ ಬೇಕು. ಒಂದು ಎಳೆ ಸಡಿಲವಾದರೆ ಅನೇಕ ಉಪಕರಣಗಳು ತಮ್ಮಷ್ಟಕ್ಕೆ 100ಕ್ಕೆ ಇಳಿದು ಕೆಲಸ ಮುಂದುವರಿಸುತ್ತವೆ. ಸ್ಪೀಡ್ ಟೆಸ್ಟ್‌ನಲ್ಲಿ ಅದು 94, 95 ಎಂದು ಕಾಣುತ್ತದೆ. ಎಷ್ಟು ದುಬಾರಿ ಸ್ವಿಚ್ ತಂದರೂ ಆ ಸಂಖ್ಯೆ ಕದಲುವುದಿಲ್ಲ.

ಟೆಸ್ಟರಿನ ಒಂದು ಭಾಗವನ್ನು ಕೋಣೆಯಲ್ಲೂ ಇನ್ನೊಂದನ್ನು ಸೇರುವ ಜಾಗದಲ್ಲೂ ಹಾಕಿ. 1ರಿಂದ 8ರವರೆಗೆ ದೀಪಗಳು ಎರಡೂ ಕಡೆ ಒಂದೇ ಕ್ರಮದಲ್ಲಿ ಹೊತ್ತಬೇಕು. ಯಾವುದಾದರೂ ಹೊತ್ತದಿದ್ದರೆ, ಕ್ರಮ ತಪ್ಪಿದರೆ, ತುದಿಯನ್ನು ಕತ್ತರಿಸಿ ಹೊಸದಾಗಿ ಕ್ರಿಂಪ್ ಮಾಡಿ. ರೂಢಿಯಲ್ಲಿರುವ ಟಿ568ಬಿ ಕ್ರಮ ಹೀಗಿದೆ: ಬಿಳಿ-ಕಿತ್ತಳೆ, ಕಿತ್ತಳೆ, ಬಿಳಿ-ಹಸಿರು, ನೀಲಿ, ಬಿಳಿ-ನೀಲಿ, ಹಸಿರು, ಬಿಳಿ-ಕಂದು, ಕಂದು. ಎರಡೂ ತುದಿಯಲ್ಲಿ ಇದೇ ಕ್ರಮ ಇರಲಿ.

ಎಂಟೂ ದೀಪ ಸರಿಯಾಗಿ ಹೊತ್ತಿಯೂ ತಂತಿ ಕೆಟ್ಟದ್ದಾಗಿರಬಹುದು. ಇಲ್ಲಿ ಬಹಳ ಮಂದಿ ಮೋಸಹೋಗುತ್ತಾರೆ. ಕೆಲವರು ಕಿತ್ತಳೆ ಜೋಡಿ, ಹಸಿರು ಜೋಡಿ, ನೀಲಿ ಜೋಡಿ, ಕಂದು ಜೋಡಿ ಎಂದು ಸಾಲಾಗಿ ಜೋಡಿಸಿಬಿಡುತ್ತಾರೆ. ಎರಡೂ ಕಡೆ ಹಾಗೆಯೇ ಇರುವುದರಿಂದ ಟೆಸ್ಟರ್ ಒಪ್ಪುತ್ತದೆ. ಆದರೆ 3 ಮತ್ತು 6ನೆಯ ಸ್ಥಾನಗಳು ಒಂದೇ ಹೆಣೆದ ಜೋಡಿಯವು ಆಗಿರಬೇಕು. ಇಲ್ಲದಿದ್ದರೆ ಜೋಡಿಯ ಹೆಣಿಗೆಯಿಂದ ಸಿಗುವ ರಕ್ಷಣೆ ತಪ್ಪಿ ಸಂಕೇತಗಳು ಒಂದರೊಳಗೊಂದು ಬೆರೆಯುತ್ತವೆ. ಅಗ್ಗದ ಟೆಸ್ಟರ್ ಇದನ್ನು ಹಿಡಿಯಲಾರದು. ಆದ್ದರಿಂದ ಬಣ್ಣದ ಕ್ರಮವನ್ನು ಕಣ್ಣಿನಿಂದಲೇ ನೋಡಿ ಖಚಿತಪಡಿಸಿಕೊಳ್ಳಿ. ಕ್ರಿಂಪ್ ಮಾಡುವಾಗ ಜೋಡಿಗಳ ಹೆಣಿಗೆಯನ್ನು ಒಂದು ಸೆಂಟಿಮೀಟರಿಗಿಂತ ಹೆಚ್ಚು ಬಿಚ್ಚಬೇಡಿ.

ತಂತಿಯ ಲೋಹವನ್ನೂ ನೋಡಬೇಕು. ಮಾರುಕಟ್ಟೆಯಲ್ಲಿ ಸಿಸಿಎ ಎಂಬ ಅಗ್ಗದ ತಂತಿ ಧಾರಾಳವಾಗಿ ಸಿಗುತ್ತದೆ. ಹೊರಗೆ ತಾಮ್ರದ ತೆಳು ಲೇಪ, ಒಳಗೆ ಅಲ್ಯೂಮಿನಿಯಂ. ಒಂದು ಎಳೆಯನ್ನು ಬ್ಲೇಡಿನಿಂದ ಕೆರೆಯಿರಿ. ಒಳಗೆ ಬೆಳ್ಳಗೆ ಹೊಳೆದರೆ ಅದು ಸಿಸಿಎ. ನಾಲ್ಕೈದು ಬಾರಿ ಬಗ್ಗಿಸಿದರೆ ಪಟ್ಟನೆ ಮುರಿಯುತ್ತದೆ. ತಾಮ್ರಕ್ಕಿಂತ ರೋಧ ಹೆಚ್ಚಿರುವುದರಿಂದ ಪಿಒಇ (ಲ್ಯಾನ್ ತಂತಿಯಲ್ಲೇ ಉಪಕರಣಕ್ಕೆ ಕಳಿಸುವ ವಿದ್ಯುತ್ತು) ಹರಿಸಿದರೆ ಬಿಸಿಯಾಗುತ್ತದೆ, ದೂರದ ಕ್ಯಾಮೆರಾಕ್ಕೆ ಸಾಕಷ್ಟು ವೋಲ್ಟೇಜ್ ತಲುಪುವುದಿಲ್ಲ. ಗೋಡೆಯೊಳಗೆ ಅಂಥದ್ದು ಈಗಾಗಲೇ ಇದ್ದರೆ ಅದರಲ್ಲಿ ಪಿಒಇ ಹರಿಸಬೇಡಿ. ಹೊಸದಾಗಿ ಎಳೆಸುವವರು ಶುದ್ಧ ತಾಮ್ರದ ತಂತಿಯನ್ನೇ ಹಟ ಹಿಡಿದು ಕೇಳಿ. ಸ್ವಿಚ್ಚನ್ನು ಯಾವಾಗ ಬೇಕಾದರೂ ಬದಲಿಸಬಹುದು. ಪೈಪ್ ಕಟ್ಟಿಕೊಂಡರೆ ಗೋಡೆಯೊಳಗಿನ ತಂತಿ ಬದಲಿಸಲು ಗಾರೆ ಒಡೆಯಬೇಕಾಗುತ್ತದೆ.

ಲ್ಯಾನ್ ತಂತಿ ಮತ್ತು 230 ವೋಲ್ಟಿನ ತಂತಿ ಒಂದೇ ಪೈಪಿನಲ್ಲಿ ಇರಕೂಡದು. ಇದು ವೇಗಕ್ಕಿಂತ ಹೆಚ್ಚಾಗಿ ಜೀವದ ಪ್ರಶ್ನೆ. ಹಾಗಿದ್ದರೆ ಆ ತಂತಿಯನ್ನು ಬಳಸದೆ ಬಿಡಿ.

ಹಂತ 3: ಪೋರ್ಟ್‌ಗಳನ್ನು ಎಣಿಸಿ, ವೇಗವನ್ನು ನಿರ್ಧರಿಸಿ

ಪರೀಕ್ಷೆಯಲ್ಲಿ ಗೆದ್ದ ತಂತಿಗಳನ್ನು ಎಣಿಸಿ. ರೌಟರಿನಿಂದ ಬರುವ ತಂತಿಗೆ ಒಂದು ಪೋರ್ಟ್ ಸೇರಿಸಿ, ಮುಂದಿನ ದಿನಗಳಿಗೆ ಎರಡು ಸೇರಿಸಿ. ಐದು ಕೋಣೆಯ ತಂತಿಗಳಿದ್ದರೆ ಎಂಟು ಪೋರ್ಟಿನದೇ ಸರಿ. ಐದರದ್ದೊಂದು ಕೊಂಡು ಆಮೇಲೆ ಇನ್ನೊಂದು ಐದರದ್ದನ್ನು ಅದಕ್ಕೆ ತಗುಲಿಸುವವರಿದ್ದಾರೆ. ಅದರಿಂದ ಅಡಾಪ್ಟರ್ ಎರಡಾಗುತ್ತದೆ, ಕೆಡುವ ಜಾಗವೂ ಎರಡಾಗುತ್ತದೆ, ಎರಡರ ನಡುವಿನ ಒಂದೇ ತಂತಿಯಲ್ಲಿ ಎಲ್ಲರ ಸಂಚಾರವೂ ನುಗ್ಗುತ್ತದೆ.

ವೇಗದ ಬಗ್ಗೆ ನನ್ನ ಮಾತು ನೇರ: ಗಿಗಾಬಿಟ್‌ಗಿಂತ ಕಡಿಮೆಯದನ್ನು ಮನೆಗೆ ತರಬೇಡಿ. 2.5 ಗಿಗಾಬಿಟ್ ಸ್ವಿಚ್ ಬೇಕಾಗುವುದು ಮನೆಯಲ್ಲಿ ಅದೇ ವೇಗದ ಎನ್‌ಎಎಸ್ (ಜಾಲಕ್ಕೆ ಜೋಡಿಸಿದ ಕಡತಗಳ ಸಂಗ್ರಹ ಪೆಟ್ಟಿಗೆ) ಇದ್ದು ದೊಡ್ಡ ವಿಡಿಯೊ ಕಡತಗಳನ್ನು ದಿನವೂ ಎಳೆಯುವವರಿಗೆ, ಅಥವಾ ಒಂದು ಗಿಗಾಬಿಟ್ ದಾಟಿದ ಸಂಪರ್ಕ ಇರುವವರಿಗೆ. ಉಳಿದವರು ಆ ಹಣವನ್ನು ಒಳ್ಳೆಯ ತಂತಿಗೂ ಯುಪಿಎಸ್‌ಗೂ ಹಾಕುವುದು ಮೇಲು. ಚೆನ್ನಾಗಿ ಜೋಡಿಸಿದ ಕ್ಯಾಟ್5ಇ ತಂತಿಯೇ 100 ಮೀಟರಿನವರೆಗೆ 2.5 ಗಿಗಾಬಿಟ್ ಹೊರಬಲ್ಲದು. ಹಾಗಾಗಿ ಮುಂದೆ ಬೇಕೆನಿಸಿದರೆ ಸ್ವಿಚ್ ಮಾತ್ರ ಬದಲಿಸಿದರಾಯಿತು.

ರೌಟರಿನ ಪೋರ್ಟ್‌ಗಳನ್ನೂ ಒಮ್ಮೆ ನೋಡಿ. ಇಂಟರ್ನೆಟ್ ಸಂಸ್ಥೆಗಳು ಕೊಡುವ ಕೆಲವು ಪೆಟ್ಟಿಗೆಗಳಲ್ಲಿ ಒಂದು ಪೋರ್ಟ್ ಮಾತ್ರ ಗಿಗಾಬಿಟ್, ಉಳಿದವು 100ರವು. ಪೋರ್ಟಿನ ಪಕ್ಕ ‘ಜಿಇ’ ಎಂದಿದ್ದರೆ ಗಿಗಾಬಿಟ್, ‘ಎಫ್‌ಇ’ ಎಂದಿದ್ದರೆ 100. ಸ್ವಿಚ್ಚಿನ ತಂತಿ ಜಿಇಗೇ ಹೋಗಬೇಕು.

ಹಂತ 4: ಪಿಒಇ ಬೇಕೇ ಎಂದು ಲೆಕ್ಕ ಹಾಕಿ

ಲ್ಯಾನ್ ತಂತಿಯಲ್ಲೇ ವಿದ್ಯುತ್ತನ್ನೂ ಕಳಿಸುವ ವಿಧಾನ ಪಿಒಇ. ಕ್ಯಾಮೆರಾ, ಚಾವಣಿಯ ವೈಫೈ ಘಟಕ, ವಿಡಿಯೊ ಡೋರ್‌ಬೆಲ್ ಇವುಗಳಿಗೆ ಬೇಕಾಗುತ್ತದೆ. ಇವು ಯಾವುವೂ ಇಲ್ಲದಿದ್ದರೆ ಈ ಹಂತ ದಾಟಿ ಮುಂದೆ ಹೋಗಿ.

ಇದ್ದರೆ, ಪ್ರತಿ ಉಪಕರಣದ ಹಿಂದಿನ ಚೀಟಿಯಲ್ಲಿ ಗರಿಷ್ಠ ವಾಟ್ ಎಷ್ಟೆಂದು ಬರೆದುಕೊಳ್ಳಿ. 802.3ಎಎಫ್ ಮಾನಕದ ಪೋರ್ಟ್ 15.4 ವಾಟ್ ಕೊಡುತ್ತದೆ, 802.3ಎಟಿ ಮಾನಕದ್ದು 30 ವಾಟ್. ಮಾನಕ ಸಿಕ್ಕರೆ ಅರ್ಧ ಕೆಲಸ ಮುಗಿಯಿತು, ಉಳಿದರ್ಧ ಒಟ್ಟು ಬಜೆಟ್ಟಿನದು. ಎಂಟು ಪಿಒಇ ಪೋರ್ಟಿನ ಸ್ವಿಚ್ ಎಂದ ಮಾತ್ರಕ್ಕೆ ಎಂಟಕ್ಕೂ 15.4 ವಾಟ್, ಅಂದರೆ 123 ವಾಟ್, ಒಟ್ಟಿಗೆ ಕೊಡುತ್ತದೆ ಎಂದಲ್ಲ. ಪೆಟ್ಟಿಗೆಯ ಮೇಲೆ ‘ಪಿಒಇ ಬಜೆಟ್’ ಎಂದು ಬೇರೆಯೇ ಸಂಖ್ಯೆ ಇರುತ್ತದೆ. ಉದಾಹರಣೆಗೆ 7 ವಾಟಿನ ಮೂರು ಕ್ಯಾಮೆರಾ, 13 ವಾಟಿನ ಎರಡು ವೈಫೈ ಘಟಕ: 21 ಮತ್ತು 26 ಸೇರಿ 47 ವಾಟ್. ಕಾಲುಭಾಗ ಹೆಚ್ಚಿಗೆ ಇಟ್ಟುಕೊಂಡರೆ 59. ಆದ್ದರಿಂದ 60 ವಾಟಿಗಿಂತ ಕಡಿಮೆ ಬಜೆಟ್ಟಿನ ಸ್ವಿಚ್ ಈ ಮನೆಗೆ ಬೇಡ.

ಈ ಲೆಕ್ಕ ತಪ್ಪಿದವರ ಮನೆಯಲ್ಲಿ ಹಗಲೆಲ್ಲ ಕ್ಯಾಮೆರಾಗಳು ಸರಿಯಾಗಿರುತ್ತವೆ, ಕತ್ತಲಾದ ಮೇಲೆ ಒಂದೊಂದಾಗಿ ಕಣ್ಮರೆಯಾಗುತ್ತವೆ. ಕತ್ತಲಲ್ಲಿ ಅವುಗಳ ಅತಿಗೆಂಪು ದೀಪಗಳು ಹೊತ್ತಿಕೊಂಡು ವಿದ್ಯುತ್ ಬಳಕೆ ಏರುವುದರಿಂದ ಹೀಗಾಗುತ್ತದೆ. ಕ್ಯಾಮೆರಾ ಕೆಟ್ಟಿದೆ ಎಂದು ಅದನ್ನು ಬಿಚ್ಚಿ ರಿಪೇರಿಗೆ ಕೊಂಡೊಯ್ದವರನ್ನು ನಾನು ಕಂಡಿದ್ದೇನೆ. ಕಾವಲಿಗೆಂದು ಹಾಕಿದ ಕ್ಯಾಮೆರಾ ರಾತ್ರಿಯೇ ಇಲ್ಲವಾಗುವುದು ಸಣ್ಣ ಮಾತಲ್ಲ.

ಇನ್ನೊಂದು ದೊಡ್ಡ ತಪ್ಪು: ಸಿಸಿಟಿವಿ ಅಂಗಡಿಯ ಪಿಒಇ ಸ್ವಿಚ್ಚನ್ನೇ ಇಡೀ ಮನೆಯ ಸ್ವಿಚ್ ಮಾಡುವುದು. ಕ್ಯಾಮೆರಾಗಳಿಗೆಂದೇ ಮಾಡಿದ ಅಗ್ಗದ ಮಾದರಿಗಳಲ್ಲಿ ಬಹಳಷ್ಟು 100 ಎಂಬಿಪಿಎಸ್‌ನವು. ಒಂದು ಕ್ಯಾಮೆರಾಕ್ಕೆ ಅಷ್ಟು ವೇಗ ಬೇಕಾದದ್ದಕ್ಕಿಂತ ಎಷ್ಟೋ ಹೆಚ್ಚು. ಕಂಪ್ಯೂಟರಿಗೆ ಅದೇ ಕಡಿವಾಣ. ಕೆಲವದರಲ್ಲಿ ‘ಎಕ್ಸ್‌ಟೆಂಡ್’ ಎಂಬ ಪುಟ್ಟ ಗುಂಡಿಯೂ ಇರುತ್ತದೆ. ಅದನ್ನು ಒತ್ತಿದರೆ 250 ಮೀಟರಿನವರೆಗೆ ತಲುಪುತ್ತದೆ ಎನ್ನುತ್ತಾರೆ, ಆದರೆ ಆ ಪೋರ್ಟ್‌ಗಳ ವೇಗ 10 ಎಂಬಿಪಿಎಸ್‌ಗೆ ಇಳಿಯುತ್ತದೆ. ನನ್ನ ಸಲಹೆ: ಕ್ಯಾಮೆರಾಗಳಿಗೆ ಬೇರೆಯೇ ಪಿಒಇ ಸ್ವಿಚ್ ಇರಲಿ, ಅದರಿಂದ ಒಂದು ತಂತಿ ಮನೆಯ ಗಿಗಾಬಿಟ್ ಸ್ವಿಚ್ಚಿಗೆ ಬರಲಿ.

ಮಾನಕದ ಹೆಸರಿಲ್ಲದೆ ಬರೀ ‘ಪಿಒಇ 24 ವೋಲ್ಟ್’ ಎಂದಿರುವ ಪೆಟ್ಟಿಗೆಗಳಿಂದ ದೂರವಿರಿ. ಮಾನಕದ ಸ್ವಿಚ್ ಆಚೆ ಬದಿಯ ಉಪಕರಣವನ್ನು ಗುರುತಿಸಿದ ಮೇಲಷ್ಟೇ ವಿದ್ಯುತ್ ಬಿಡುತ್ತದೆ. ಈ ಪೆಟ್ಟಿಗೆಗಳು ಕೇಳದೆಯೇ ಬಿಡುತ್ತವೆ. ಲ್ಯಾಪ್‌ಟಾಪ್ ಚುಚ್ಚಿದರೆ ಅದರ ಪೋರ್ಟ್ ಸುಟ್ಟುಹೋಗಬಹುದು.

ಹಂತ 5: ಸಾದಾ ಸ್ವಿಚ್ ಸಾಕೇ?

ಹೆಚ್ಚಿನ ಮನೆಗಳಿಗೆ ಸಾಕು. ಚುಚ್ಚಿದ ಕೂಡಲೇ ಕೆಲಸ ಮಾಡುವ, ಯಾವ ಸೆಟ್ಟಿಂಗೂ ಇಲ್ಲದ ಅನ್‌ಮ್ಯಾನೇಜ್ಡ್ ಸ್ವಿಚ್ಚಿನಲ್ಲಿ ತಪ್ಪಾಗಲು ಜಾಗವೇ ಕಡಿಮೆ. ಸ್ಮಾರ್ಟ್ ಅಥವಾ ಮ್ಯಾನೇಜ್ಡ್ ಸ್ವಿಚ್ ಬೇಕಾಗುವುದು ಜಾಲವನ್ನು ವಿಎಲ್‌ಎಎನ್‌ಗಳಾಗಿ (ಒಂದೇ ಸ್ವಿಚ್ಚಿನೊಳಗೆ ಪರಸ್ಪರ ಬೇರೆಯಾದ ಜಾಲಗಳು) ವಿಭಜಿಸಬೇಕಾದಾಗ. ಕಾಂಪೌಂಡಿನ ಹೊರಮುಖದ ಕ್ಯಾಮೆರಾ ಇದ್ದರೆ ಅದನ್ನು ಯೋಚಿಸಲೇಬೇಕು, ಏಕೆಂದರೆ ಯಾರಾದರೂ ಕ್ಯಾಮೆರಾ ಕಿತ್ತು ಆ ತಂತಿಗೆ ಲ್ಯಾಪ್‌ಟಾಪ್ ಜೋಡಿಸಿದರೆ ಸೀದಾ ಮನೆಯ ಜಾಲದೊಳಗೆ ಬಂದಂತೆ. ಸ್ಮಾರ್ಟ್ ಸ್ವಿಚ್ ತಂದವರು ಮೊದಲ ದಿನವೇ ಅದರ ಪಾಸ್‌ವರ್ಡ್ ಬದಲಿಸಿ.

ಹಂತ 6: ಈಗ ಅಂಗಡಿಗೆ ಹೋಗಿ

ಬೆಂಗಳೂರಿನವರಿಗೆ ಎಸ್‌ಪಿ ರಸ್ತೆ ಇದೆ, ಉಳಿದ ಊರಿನವರು ಕಂಪ್ಯೂಟರ್ ಅಂಗಡಿಯಲ್ಲೋ ಆನ್‌ಲೈನಿನಲ್ಲೋ ಕೊಳ್ಳುತ್ತಾರೆ. ಎಲ್ಲೇ ಕೊಂಡರೂ ಬಾಯಿಮಾತಿಗಿಂತ ಮಾದರಿಯ ಸಂಖ್ಯೆಯನ್ನು ನಂಬಿ. ಒಂದೇ ಬ್ರ್ಯಾಂಡಿನ 100ರ ಸ್ವಿಚ್ಚೂ ಗಿಗಾಬಿಟ್ ಸ್ವಿಚ್ಚೂ ನೋಡಲು ಅಕ್ಕತಂಗಿಯರಂತೆ ಇರುತ್ತವೆ. ಟಿಪಿ-ಲಿಂಕ್‌ನಲ್ಲಿ ಟಿಎಲ್-ಎಸ್‌ಎಫ್ ಎಂದು ಶುರುವಾದರೆ 100, ಟಿಎಲ್-ಎಸ್‌ಜಿ ಎಂದರೆ ಗಿಗಾಬಿಟ್. ಡಿ-ಲಿಂಕ್‌ನಲ್ಲಿ ಡಿಇಎಸ್ ಎಂದರೆ 100, ಡಿಜಿಎಸ್ ಎಂದರೆ ಗಿಗಾಬಿಟ್. ನೆಟ್‌ಗಿಯರ್‌ನಲ್ಲಿ ಎಫ್‌ಎಸ್ ಮತ್ತು ಜಿಎಸ್. ಪೆಟ್ಟಿಗೆಯ ಮೇಲೆ ‘10/100/1000’ ಎಂಬ ಮೂರೂ ಸಂಖ್ಯೆ ಇರಬೇಕು. ಎಂಟು ಪೋರ್ಟಿನ ಗಿಗಾಬಿಟ್ ಸ್ವಿಚ್ಚಿನ ಒಟ್ಟು ಸಾಮರ್ಥ್ಯ 16 ಜಿಬಿಪಿಎಸ್ ಎಂದು ಬರೆದಿದ್ದರೆ ಎಲ್ಲ ಪೋರ್ಟ್‌ಗಳೂ ಪೂರ್ಣ ವೇಗದಲ್ಲಿ ನಡೆಯುತ್ತವೆ.

ಲೋಹದ ಹೊದಿಕೆಯದನ್ನು ಆರಿಸಿ. ಪ್ಲಾಸ್ಟಿಕ್ಕಿನದಕ್ಕಿಂತ ಅದು ಬಿಸಿಯನ್ನು ಚೆನ್ನಾಗಿ ಹೊರಬಿಡುತ್ತದೆ, ಗೋಡೆಗೆ ತೂಗುಹಾಕಲು ತೂತುಗಳೂ ಇರುತ್ತವೆ. ಫ್ಯಾನ್ ಇರುವುದು ಮನೆಗೆ ಬೇಡ. ಧೂಳು ಕಟ್ಟಿ ಮೊದಲು ಕೆಡುವುದೇ ಅದು, ಸದ್ದು ಬೇರೆ. ಅಡಾಪ್ಟರಿನ ಮೇಲೆ ಬಿಐಎಸ್ (ಭಾರತೀಯ ಮಾನಕ ಬ್ಯೂರೊ) ಗುರುತು ಮತ್ತು ‘ಆರ್’ ಅಕ್ಷರದಿಂದ ಶುರುವಾಗುವ ನೋಂದಣಿ ಸಂಖ್ಯೆ ಇದೆಯೇ ನೋಡಿ. ಬಿಐಎಸ್ ಕೇರ್ ಆ್ಯಪ್‌ನಲ್ಲಿ ಆ ಸಂಖ್ಯೆಯನ್ನು ಹಾಕಿ ಅಸಲಿಯೇ ಎಂದು ಅಂಗಡಿಯಲ್ಲೇ ತಿಳಿಯಬಹುದು. ಬಿಲ್ಲಿನಲ್ಲಿ ಸ್ವಿಚ್ಚಿನ ಸೀರಿಯಲ್ ಸಂಖ್ಯೆ ಬರೆಸಿಕೊಳ್ಳಿ. ವಾರಂಟಿ ಕೇಳಲು ಹೋದಾಗ ಅದೇ ಆಧಾರ.

ಹಂತ 7: ಮೇಜಿನ ಮೇಲೆ ಪರೀಕ್ಷೆ, ಆಮೇಲೆ ಗೋಡೆಗೆ

ತಂದ ಕೂಡಲೇ ಗೋಡೆಗೆ ಮೊಳೆ ಹೊಡೆಯಬೇಡಿ. ಮೇಜಿನ ಮೇಲಿಟ್ಟು, ಎರಡು ಲ್ಯಾಪ್‌ಟಾಪ್‌ಗಳನ್ನು ಆ ಚಿಕ್ಕ ಪ್ಯಾಚ್ ಕೇಬಲ್‌ಗಳಿಂದ ಸ್ವಿಚ್ಚಿಗೆ ಜೋಡಿಸಿ. ಐಪರ್ಫ್3 ಎಂಬ ಉಚಿತ ತಂತ್ರಾಂಶದಿಂದ ಒಂದರಿಂದ ಇನ್ನೊಂದಕ್ಕೆ ವೇಗ ಅಳೆಯಿರಿ. ಗಿಗಾಬಿಟ್ ಆದರೆ 940 ಎಂಬಿಪಿಎಸ್‌ನ ಆಸುಪಾಸು ಬರಬೇಕು. ಪ್ರತಿ ಪೋರ್ಟನ್ನೂ ಹೀಗೆ ಅಳೆಯಿರಿ, ಎಂಟಕ್ಕೆ ಅರ್ಧ ಗಂಟೆ ಸಾಕು. ಇಲ್ಲಿ ಸರಿಯಿದ್ದು ಗೋಡೆಗೆ ಹಾಕಿದ ಮೇಲೆ ತಪ್ಪಿದರೆ ದೋಷ ತಂತಿಯದು. ಈ ಒಂದು ಪರೀಕ್ಷೆ ಮಾಡದೆ ಸ್ವಿಚ್ಚನ್ನು ಬೈಯುವವರೇ ಹೆಚ್ಚು.

ನಂತರ ಜೋಡಣೆ. ಫೈಬರ್ ಪೆಟ್ಟಿಗೆ (ಇಂಟರ್ನೆಟ್ ಸಂಸ್ಥೆಯ ಫೈಬರ್ ಬಂದು ಸೇರುವುದು) ಮೊದಲು, ರೌಟರ್ ಆಮೇಲೆ, ಸ್ವಿಚ್ ಕೊನೆಗೆ. ಸ್ವಿಚ್ಚಿನ ತಂತಿ ರೌಟರಿನ ಲ್ಯಾನ್ ಪೋರ್ಟಿನಿಂದ ಹೊರಡಬೇಕು. ಫೈಬರ್ ಪೆಟ್ಟಿಗೆ ಮತ್ತು ರೌಟರಿನ ನಡುವೆ ಸ್ವಿಚ್ ಇಟ್ಟರೆ ಒಂದು ಉಪಕರಣಕ್ಕೆ ಮಾತ್ರ ಇಂಟರ್ನೆಟ್ ಸಿಕ್ಕಿ ಉಳಿದವಕ್ಕೆ ಸಿಗದೆ ಒದ್ದಾಡುತ್ತೀರಿ. ಹಳೆಯ ರೌಟರನ್ನೇ ಸ್ವಿಚ್ಚಿನಂತೆ ಬಳಸುವವರು ಅದರ ಡಿಎಚ್‌ಸಿಪಿಯನ್ನು (ಉಪಕರಣಗಳಿಗೆ ವಿಳಾಸ ಹಂಚುವ ವ್ಯವಸ್ಥೆ) ಆಫ್ ಮಾಡಿ, ಅದರ ವ್ಯಾನ್ (ಇಂಟರ್ನೆಟ್ ಬರುವ ಕಡೆಯ) ಪೋರ್ಟನ್ನು ಮುಟ್ಟದೆ ಬಿಡಿ.

ಹಂತ 8: ವಿದ್ಯುತ್ತು, ಬಿಸಿ, ಸಿಡಿಲು

ಸ್ವಿಚ್ ಸಾಯುವುದು ಹೆಚ್ಚಾಗಿ ಅಡಾಪ್ಟರಿನಿಂದ. ನನ್ನ ಮನೆಯಲ್ಲಿ ಒಂದು ಸ್ವಿಚ್ ಮಧ್ಯಾಹ್ನ ಮಾತ್ರ ತಾನಾಗಿ ಆರಿ ಹೊತ್ತುತ್ತಿತ್ತು. ಹೊಸದನ್ನು ತರುವ ಮೊದಲು ಅದೇ ವೋಲ್ಟಿನ ಬೇರೆ ಅಡಾಪ್ಟರ್ ಹಾಕಿ ನೋಡಿದೆ, ಅಲ್ಲಿಗೆ ತೊಂದರೆ ನಿಂತಿತು. ಬದಲಿ ಅಡಾಪ್ಟರಿನ ವೋಲ್ಟ್ ಅಷ್ಟೇ ಇರಬೇಕು, ಆಂಪಿಯರ್ ಅಷ್ಟೇ ಅಥವಾ ಹೆಚ್ಚಿರಬೇಕು, ಪಿನ್ನಿನ ಧನ-ಋಣ ಒಂದೇ ಆಗಿರಬೇಕು. ಪಿಒಇ ಸ್ವಿಚ್ಚಿನ ಅಡಾಪ್ಟರ್ ಸುಮಾರು 48ರಿಂದ 54 ವೋಲ್ಟಿನದು. ಅದರ ಪಿನ್ನು 12 ವೋಲ್ಟಿನ ರೌಟರಿಗೂ ಹಿಡಿಯಬಹುದು, ಹಿಡಿದರೆ ರೌಟರಿನ ಆಯುಸ್ಸು ಅಲ್ಲಿಗೆ ಮುಗಿಯಿತು. ಎರಡಕ್ಕೂ ದೊಡ್ಡ ಅಕ್ಷರದಲ್ಲಿ ಹೆಸರು ಅಂಟಿಸಿ.

ಫೈಬರ್ ಪೆಟ್ಟಿಗೆ, ರೌಟರ್, ಸ್ವಿಚ್ ಮೂರೂ ಒಂದೇ ಇನ್ವರ್ಟರ್ ಸಾಲಿನಲ್ಲಿರಲಿ. ಕರೆಂಟ್ ಹೋದಾಗಲೆಲ್ಲ ಅವು ಆರಿ ಹೊತ್ತುತ್ತಿದ್ದರೆ ಇನ್ವರ್ಟರನ್ನು ಯುಪಿಎಸ್ ಮೋಡ್‌ಗೆ ಹಾಕಿ. ಬಾಗಿಲು ಮುಚ್ಚಿದ ಕಪಾಟು, ಬಿಸಿಲು ಬೀಳುವ ಅಟ್ಟ, ಸೆಟ್‌ಟಾಪ್ ಬಾಕ್ಸ್‌ನ ನೆತ್ತಿ ಸ್ವಿಚ್ಚಿಗೆ ತಕ್ಕ ಜಾಗಗಳಲ್ಲ.

ಏಪ್ರಿಲ್, ಮೇ ತಿಂಗಳ ಗುಡುಗುಮಳೆಯ ಕಾಲದಲ್ಲಿ ಹೊರಗಿನ ಕ್ಯಾಮೆರಾ ತಂತಿಯೇ ಸಿಡಿಲಿನ ಹೊಡೆತಕ್ಕೆ ದಾರಿ. ನೇರವಾಗಿ ಬಡಿಯಬೇಕೆಂದಿಲ್ಲ, ಹತ್ತಿರದ ತೆಂಗಿನ ಮರಕ್ಕೆ ಬಡಿದರೂ ತಂತಿಯಲ್ಲಿ ವೋಲ್ಟೇಜ್ ಏರಿ ಪೋರ್ಟ್‌ಗಳು ಸುಡುತ್ತವೆ. ಹೊರಗಿನಿಂದ ಬರುವ ಪ್ರತಿ ತಂತಿಗೆ ಲ್ಯಾನ್ ಸರ್ಜ್ ಪ್ರೊಟೆಕ್ಟರ್ ಹಾಕಿ, ಅದನ್ನು ಸರಿಯಾದ ಅರ್ಥಿಂಗ್‌ಗೆ ಜೋಡಿಸಿ. ಅರ್ಥಿಂಗ್ ಇಲ್ಲದೆ ಅದು ಬರೀ ಪೆಟ್ಟಿಗೆ. ತೋಟದ ಮನೆಗೋ ಹಿತ್ತಿಲ ಔಟ್‌ಹೌಸ್‌ಗೋ ಸಂಪರ್ಕ ಬೇಕಿದ್ದರೆ ತಾಮ್ರ ಬಿಟ್ಟು ಫೈಬರ್ ಎಳೆಸಿ, ಎರಡು ತುದಿಗೂ ಫೈಬರಿನ ಸಂಕೇತವನ್ನು ಲ್ಯಾನ್ ತಂತಿಗೆ ಬದಲಿಸಿಕೊಡುವ ಮೀಡಿಯಾ ಕನ್ವರ್ಟರ್ ಹಾಕಿ. ಒಳಗೆ ಲೋಹವಿಲ್ಲದ ಫೈಬರ್ ಸಿಡಿಲಿನ ವಿದ್ಯುತ್ತನ್ನು ಒಯ್ಯುವುದಿಲ್ಲ.

ಎಚ್ಚರಿಕೆಯ ಲಕ್ಷಣಗಳು

ಎಲ್ಲ ಪೋರ್ಟಿನ ದೀಪಗಳೂ ಒಂದೇ ತಾಳದಲ್ಲಿ ಬಿಡುವಿಲ್ಲದೆ ಮಿನುಗಿ ಇಡೀ ಮನೆಯ ಇಂಟರ್ನೆಟ್ ನಿಂತರೆ ಎಲ್ಲೋ ಲೂಪ್ ಆಗಿದೆ. ಒಂದು ತಂತಿಯ ಎರಡೂ ತುದಿ ಒಂದೇ ಸ್ವಿಚ್ಚಿನಲ್ಲಿರಬಹುದು, ಅಥವಾ ವೇಗ ಹೆಚ್ಚಲೆಂದು ಎರಡು ಸ್ವಿಚ್‌ಗಳ ನಡುವೆ ಯಾರೋ ಎರಡು ತಂತಿ ಹಾಕಿರಬಹುದು. ಒಂದೊಂದೇ ತಂತಿ ಕಿತ್ತು ನೋಡಿ. ಯಾವುದನ್ನು ಕಿತ್ತಾಗ ದೀಪಗಳು ಶಾಂತವಾಗುತ್ತವೆಯೋ ಅದೇ ಅಪರಾಧಿ.

ಒಂದೇ ಪೋರ್ಟಿನ ಸಂಪರ್ಕ ಆಗಾಗ ಕಡಿದರೆ ಆ ತಂತಿಯನ್ನು ಪಕ್ಕದ ಪೋರ್ಟಿಗೆ ಹಾಕಿ. ತೊಂದರೆ ತಂತಿಯ ಜೊತೆ ಹೋದರೆ ತಂತಿ ಕೆಟ್ಟಿದೆ, ಹಳೆಯ ಪೋರ್ಟಿನಲ್ಲೇ ಉಳಿದರೆ ಸ್ವಿಚ್ ಕೆಟ್ಟಿದೆ. ಗುಡುಗುಮಳೆಯ ಮರುದಿನ ಒಂದೆರಡು ಪೋರ್ಟ್ ಮಾತ್ರ ಸತ್ತಿದ್ದರೆ, ಉಳಿದವು ನಡೆಯುತ್ತಿವೆ ಎಂದು ಆ ಸ್ವಿಚ್ಚನ್ನೇ ಮುಂದುವರಿಸಬೇಡಿ. ಪೆಟ್ಟು ತಿಂದ ಸ್ವಿಚ್ ಉಳಿದ ಪೋರ್ಟ್‌ಗಳಲ್ಲೂ ಯಾವಾಗ ಕೈಕೊಡುತ್ತದೆ ಎಂದು ಹೇಳಲಾಗದು. ಅಡಾಪ್ಟರಿನಿಂದ ಸುಟ್ಟ ವಾಸನೆ, ಕಿರುಗುಟ್ಟುವ ಸದ್ದು, ಮುಟ್ಟಿ ಹಿಡಿಯಲಾಗದಷ್ಟು ಬಿಸಿ, ಇವುಗಳಲ್ಲಿ ಒಂದು ಕಂಡರೂ ಗೋಡೆಯ ವಿದ್ಯುತ್ ಸ್ವಿಚ್ ಆಫ್ ಮಾಡಿ, ಆಮೇಲೆ ಅಡಾಪ್ಟರ್ ಕೀಳಿ.